ಸದ್ದಿಲ್ಲದ ಪೊಟ್ಟಣ

ಅಜ್ಜನ ಕಾಲದ ಬೆಳ್ಳಿ ನಾಣ್ಯಗಳನ್ನು ದೂರದ ಮಗಳಿಗೆ ಅಂಚೆಯಲ್ಲಿ ಕಳಿಸಲು ಹೊರಟ ಗಡಿಯಾರ ರಿಪೇರಿಯವನಿಗೆ ಒಂದೇ ಚಿಂತೆ: ಪೊಟ್ಟಣ ಝಣ್ ಎಂದರೆ ಸಾಕು, ಕಳ್ಳನ ಕಿವಿ ನೆಟ್ಟಗಾಗುತ್ತದೆ. ಹತ್ತಿ ತುರುಕಿ, ಟೇಪು ಸುತ್ತಿ, ಹೆಂಡತಿಯ ಕಿವಿಯ ಹತ್ತಿರ ಅಲ್ಲಾಡಿಸಿದ.

“ಇನ್ನೂ ಝಣ್ ಅಂತಿದೆ ರೀ.”

ಪಾಪ, ಮತ್ತೆ ಬಿಚ್ಚಿದ. ನಾಣ್ಯಗಳನ್ನು ಮೇಜಿನ ಮೇಲೆ ಸುರಿದು, ಅವಳನ್ನು ಗದರುತ್ತ ಇನ್ನಷ್ಟು ಹತ್ತಿ ತುಂಬಿ ಕಟ್ಟಿದ. ಈ ಸಲ ಪೊಟ್ಟಣ ತುಟಿಪಿಟಿಕ್ ಎನ್ನಲಿಲ್ಲ. “ನೋಡಿದ್ಯಾ!” ಎಂದು ಮೀಸೆ ತಿರುವಿ ಅಂಚೆ ಕಚೇರಿಗೆ ಓಡಿದ.

ಸರದಿಯಲ್ಲಿ ನಿಂತವನ ಬೆನ್ನ ಹಿಂದೆ ಝಣ್ ಎಂದಿತು. ಹೆಂಡತಿ ಏದುಸಿರು ಬಿಡುತ್ತ ಬಂದು ಮುಷ್ಟಿ ಬಿಚ್ಚಿದಳು.

“ಮೇಜಿನ ಮೇಲೇ ಇದ್ವು,” ಎಂದು ಅವನ ಹಣೆಯ ಬೆವರು ಒರೆಸಿದಳು. “ಕಳ್ಳನಿಗಂತೂ ಸಿಗ್ತಿರಲಿಲ್ಲ ಬಿಡಿ.”