ಕಣ್ಣು ಮುಚ್ಚಿದ ಕ್ರುಪಾ

ಗುರ್ ಗುರ್ ಅನ್ನುತ್ತಿರುವುದು ಬೆಕ್ಕೋ ಕಂಪ್ಯೂಟರೋ, ಎರಡೂ ಮುದಿ, ಎರಡಕ್ಕೂ ಎದೆಯಲ್ಲಿ ಕಫ, ಬೆಕ್ಕಾದರೂ ಹಳೇ ಸ್ಕ್ಯಾನರಿನ ಮುಚ್ಚಳದ ಮೇಲೆ ಸುಖವಾಗಿ ಬಿದ್ದುಕೊಂಡಿದೆ, ಪರದೆಯ ಮೇಲಿನ ನೀಲಿ ಗೆರೆ ಮಾತ್ರ ಬೆಳಗಿನಿಂದ ಬಸವನ ಹುಳುವಿನ ಹಾಗೆ ತೆವಳುತ್ತಿದೆ — ನಿಮ್ಮ ಬ್ಲಾಗ್ ಸಾಗುತ್ತಿದೆ, ದಯವಿಟ್ಟು ಕಾಯಿರಿ — ಕಾಯದೆ ಇನ್ನೇನು, ಮಾರ್ಲಿಸ್ ಹಾಗೆನ್ ಡುಲೂತ್‌ನಲ್ಲಿ ಹುಟ್ಟಿದವಳು, ಏಪ್ರಿಲ್ಲಿನಲ್ಲೂ ಹಿಮ ಕರಗಲಿ ಅಂತ ಕಾದು ಕಾದೇ ಮುದುಕಿಯಾದವಳು, ಆದರೆ ಮನೆ ಬದಲಾಯಿಸುವಾಗ ಲಾರಿಯ ಹಿಂದೆ ಓಡಬಹುದು, ಹುಷಾರು ಕಣ್ರಪ್ಪಾ ಗಾಜಿದೆ ಅಂತ ಕೂಗಬಹುದು, ಬ್ಲಾಗು ಬದಲಾಯಿಸುವಾಗ ಯಾರನ್ನು ಕೂಗುವುದು, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳ ಬಗ್ಗೆ ವರ್ಷಗಟ್ಟಲೆ ಬರೆದದ್ದೆಲ್ಲ ಆ ಗೆರೆಯೊಳಗಿದೆ, ಹಳೇ ಕಂಪನಿ ನಾಳೆ ಬಾಗಿಲು ಮುಚ್ಚುತ್ತದಂತೆ, ಬೇಕಾದವರು ಬೇಕಾದ್ದು ಹೊತ್ತುಕೊಂಡು ಹೋಗಿ ಅಂದುಬಿಟ್ಟಿದೆ, ಬಾಡಿಗೆ ಮನೆಯವರೂ ಇಷ್ಟು ಒರಟಾಗಿ ಹೇಳುವುದಿಲ್ಲ, ಮುಗೀತೇನೇ ಅಂತ ಅಡುಗೆಮನೆಯಿಂದ ಗಂಡ ವೆರ್ನ್, ಮೂರನೇ ಸಲ ಕೇಳುತ್ತಿರುವುದು, ದವಡೆಗೆ ಐಸಿನ ಚೀಲ ಒತ್ತಿಕೊಂಡು, ಹಲ್ಲುನೋವಂತೆ, ಚಳಿಗಾಲಕ್ಕೂ ಮುಂಚಿನಿಂದ ಅದೇ ರಾಗ, ಡಾಕ್ಟರು ದಿನ ಬರೆದು ಕೊಟ್ಟ ಚೀಟಿ ಮೇಜಿನ ಮೇಲೇ ಇಟ್ಟಿದ್ದೆ, ನೀನೇ ಎಲ್ಲೋ ಎಸೆದೆ, ಆ ದಿನ ತಪ್ಪಿತು, ಈಗ ಬೇಸಿಗೆವರೆಗೂ ಜಾಗ ಇಲ್ಲವಂತೆ ಕಣೇ — ನಾನ್ಯಾಕೆ ಎಸೆಯಲಿ ನಿನ್ನ ಚೀಟಿ, ನಿನ್ನ ತಲೆ ಕತ್ತಿಗೆ ಅಂಟಿಕೊಂಡಿಲ್ಲದಿದ್ದರೆ ಅದನ್ನೂ ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದೆ — ಓದುಗರು ಹನ್ನೊಂದೇ ಜನ, ಅದರಲ್ಲಿ ವೆರ್ನ್ ಒಬ್ಬ, ಅವನು ಓದುವುದಿಲ್ಲ, ಚೆನ್ನಾಗಿದೆ ಅನ್ನುತ್ತಾನೆ, ಹೊಸ ವಿಳಾಸ ಹಳೇ ಬಾಗಿಲಿಗೆ ಅಂಟಿಸಿಟ್ಟಿದ್ದಾಳೆ, ಉಳಿದ ಹತ್ತರಲ್ಲಿ ಒಂಬತ್ತು ಜನ ಹಿಂದೆ ಬರುತ್ತೇವೆ ಅಂದಿದ್ದಾರೆ, ಬರಲಿ ಬಿಡಲಿ, ಆರ್ಲೋ ಬರಬೇಕು.

ನೆಬ್ರಾಸ್ಕಾದ ಆರ್ಲೋ, ಕ್ಷೌರದ ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಕೂತವನು, ಮುಖ ನೋಡಿಲ್ಲ, ದನಿ ಕೇಳಿಲ್ಲ, ಅವಳು ಏನು ಬರೆದರೂ ಕೆಳಗೊಂದು ತಪ್ಪು ಎತ್ತಿ ತೋರಿಸುವವನು, ಮೊದಮೊದಲು ಎಷ್ಟು ಉರಿಯುತ್ತಿತ್ತು, ಆಮೇಲೆ ತಪ್ಪು ಎತ್ತದ ದಿನ ಜ್ವರವೇನೋ ಪಾಪ ಅನ್ನಿಸತೊಡಗಿತು, ಆಮೇಲೆ ಕ್ರುಪಾ ಬಂದ — ವೆಂಡೆಲ್ ಕ್ರುಪಾ, ಒಂದೇ ಬೇಸಿಗೆ ಆಡಿ ಮನೆಗೆ ಹೋದ ಕ್ಯಾಚರ್, ಎಸೆದ ಚೆಂಡು ಹಿಡಿಯುವವನು, ಕಾರ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಗವಸು ಅಗಲಿಸಿ, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡಿದ್ದಾನೆ, ಬರುವ ಚೆಂಡನ್ನು ದೇವರೇ ಹಿಡಿಯಲಿ ಅನ್ನುವ ಹಾಗೆ, ಫೋಟೋ ತೆಗೆದವನಾದರೂ ಇನ್ನೊಂದು ತೆಗೆಯಬಾರದಿತ್ತೇ, ಮೂರು ಕಾಸಿನ ಕಾರ್ಡು, ಅದನ್ನು ಆರ್ಲೋ ಪೊಟ್ಟಣದಲ್ಲಿ ಅಡಗಿಸಿ ಕಳಿಸಿದ, ಅವಳು ಹುಡುಕಿ ತೆಗೆದು ಜ್ಯಾಮ್ ಸೀಸೆಯ ಚೀಟಿಯಡಿ ಅಡಗಿಸಿ ವಾಪಸು ಕಳಿಸಿದಳು, ಅವನು ಸೋಪನ್ನು ಕೊರೆದು, ಅವಳು ಬಿಸಿ ಪಾತ್ರೆ ಹಿಡಿಯುವ ಬಟ್ಟೆಯೊಳಗೆ ಹೊಲಿದು, ಹುಡುಕಿ ತೆಗೆದವರು ಬ್ಲಾಗಿನಲ್ಲಿ ಬಂದು ಸಿಕ್ಕಿದ ಅಂತ ಕೂಗಬೇಕು, ಅಡಗಿಸಿದವರು ಕೇಳಕೂಡದು, ಕೇಳಿದರೆ ಸೋತ ಹಾಗೆ, ಅದೇ ನೇಮ — ಕಳೆದ ಶರತ್ಕಾಲದಲ್ಲಿ ಅವಳು ಕಳಿಸಿದ್ದು, ಫಡ್ಜ್ ಮಿಠಾಯಿ, ಸೋಪು, ಉಣ್ಣೆಯ ಕೈಗವಸು, ಎಡಗೈಯದರ ಮಣಿಕಟ್ಟಿನ ಮಡಿಕೆಯಲ್ಲಿ ಕ್ರುಪಾನನ್ನು ಇಟ್ಟು ಹೊಲಿದು, ಎಂಥ ಹೊಲಿಗೆ, ಅವಳಮ್ಮ ನೋಡಿದ್ದರೆ ಪರವಾಗಿಲ್ಲ ಅನ್ನುತ್ತಿದ್ದಳು, ಅಮ್ಮ ಅದಕ್ಕಿಂತ ಹೆಚ್ಚಿಗೆ ಯಾರನ್ನೂ ಹೊಗಳಿದವಳಲ್ಲ — ಅಲ್ಲಿಂದ ಆರ್ಲೋ ಸದ್ದಿಲ್ಲ. ಕ್ರಿಸ್‌ಮಸ್‌ಗೂ ಇಲ್ಲ. ಬೇಕೆಂದೇ ತಪ್ಪು ಇಸವಿ ಹಾಕಿ ಬರೆದಳು, ಅದಕ್ಕೂ ಇಲ್ಲ. ಒಂದು ಕಾಗದ ಹಾಕಬಾರದೇನೇ ಅಂದ ವೆರ್ನ್, ನೇಮ ಕಣೋ ಅಂದಳು, ನೇಮವಲ್ಲ, ಹೆದರಿಕೆ, ಹಾಕಿದ ಕಾಗದ ಹಾಗೇ ವಾಪಸು ಬಂದರೆ, ಆ ವಿಳಾಸದಲ್ಲಿ ಅವರಿಲ್ಲ ಅಂತ ಯಾರೋ ಬರೆದಿದ್ದರೆ, ಕೂಗದೇ ಇರುವವನು ಹುಡುಕುತ್ತಿರಬಹುದು, ಹಾಗಂದುಕೊಂಡೇ ಚಳಿಗಾಲ ಕಳೆದದ್ದು, ನಾಳೆ ಆ ಬಾಗಿಲೂ ಮುಚ್ಚಿದರೆ ಅವನು ಎಲ್ಲಿಗೆ ಬಂದು ಕೂಗುತ್ತಾನೆ —

ಟಿಣ್. ಸಾಗಿತು, ಎಲ್ಲ ಸಾಗಿತು, ಹೊಸ ಮನೆ, ತೆಳು ಹಸಿರು ಬಣ್ಣ, ಹುಚ್ಚು ಮದುವಣಗಿತ್ತಿಯ ಹಾಗೆ ಮೊದಲ ಬರಹ ತೆರೆದಳು, ಅಪ್ಪ ಕೊಟ್ಟ ಮೊದಲ ಕಾರ್ಡು — ಕ್ರುಪಾ. ಇದೇನು, ಮುಂದಿನದು, ಹೋಮ್‌ರನ್ ಸರದಾರನ ಬಗ್ಗೆ — ಕ್ರುಪಾ, ಕಣ್ಣು ಮುಚ್ಚಿ. ಎಡಗೈ ಎಸೆತಗಾರರು, ಮೀಸೆ ಬಿಟ್ಟವರು, ವೆರ್ನ್‌ನ ಹುಟ್ಟುಹಬ್ಬ — ಕ್ರುಪಾ, ಕ್ರುಪಾ, ಕೇಕೂ ಇಲ್ಲ ವೆರ್ನೂ ಇಲ್ಲ, ಕುಕ್ಕರಗಾಲಲ್ಲಿ ಕ್ರುಪಾ, ಅಯ್ಯೋ ನನ್ನ ಕರ್ಮವೇ, ವೆರ್ನ್ ಬಂದು ನೋಡಿ ದವಡೆ ಹಿಡಿದುಕೊಂಡೇ ನಕ್ಕ, ನಗಿಸಬೇಡವೇ ಮಾರಾಯ್ತಿ, ನೋಯ್ತದೆ, ನಾನೇನು ಕೆಟ್ಟದಾಗಿ ಕಾಣ್ತಿಲ್ಲ ಬಿಡು — ಎಲ್ಲ ಚಿತ್ರಕ್ಕೂ ಕಾರ್ಡ್ ಅಂತ ಒಂದೇ ಹೆಸರಿಟ್ಟವಳು ಅವಳೇ, ಕಾರ್ಡಲ್ಲದೆ ಮತ್ತೇನು ಅಂತ, ಹಳೇ ಮನೆ ಹೇಗೋ ಸುಧಾರಿಸಿಕೊಂಡು ಹೋಗುತ್ತಿತ್ತು, ಹೊಸದು ಒಂದರ ಮೇಲೊಂದು ಇಟ್ಟು ಕೊನೆಗೆ ಬಂದವನನ್ನು ಉಳಿಸಿಕೊಂಡಿದೆ, ಹತ್ತು ಮಕ್ಕಳಿಗೂ ಒಂದೇ ಹೆಸರಿಟ್ಟರೆ ಊಟಕ್ಕೆ ಕರೆದಾಗ ಒಬ್ಬನೇ ಬಂದು ಎಲ್ಲರ ಪಾಲೂ ತಿಂದ ಹಾಗೆ, ಚಳಿಗಾಲದಲ್ಲಿ ಹೊಸ ಫೋನಿನಿಂದ ತೆಗೆದವು ಮಾತ್ರ ಸರಿಯಾಗಿವೆ, ಸ್ಕ್ಯಾನರು ಆವಾಗಿಂದ ಬೆಕ್ಕಿನ ಮಂಚ, ಇಳಿಸಲು ಹೋದರೆ ಪರಚುತ್ತದೆ — ಹಾಗಾದರೆ ಸ್ಕ್ಯಾನರಿಗೆ ಹೋದ ಕೊನೆಯ ಕಾರ್ಡು ಕ್ರುಪಾ, ಹೌದು, ಕಳಿಸುವ ಮುಂಚೆ ಅವನ ಹೊಸ ಸುಕ್ಕುಗಳ ಚಿತ್ರ ತೆಗೆದಿಡುವುದು ವಾಡಿಕೆ —

ಮತ್ತೆ ಟಿಣ್, ಚಿತ್ರಗಳ ಕೆಳಗೆ ಯಾರೋ ಬರೆದಿದ್ದಾರೆ. ಆರ್ಲೋ. ಆರ್ಲೋ! ಬದುಕಿದ್ದಾನೆ, ಮುದಿಗೂಬೆ ಬದುಕಿದ್ದಾನೆ, ಕನ್ನಡಕ ಮಂಜಾಯಿತು, ಸೆರಗಿಲ್ಲದವಳು ಸ್ವೆಟರಿನ ತೋಳಿಗೇ ಒರೆಸಿಕೊಂಡಳು, ಓದುತ್ತಿದ್ದಾಳೆ — ಮಹಾತಾಯಿ, ಸೋತೆ ಕಣಮ್ಮಾ. ಮನೆಯ ತುಂಬ ಇವನನ್ನೇ ನೇತುಹಾಕಿ ಅಣಕಿಸ್ತಿದೀಯಾ, ಅಣಕಿಸು. ಸೋಪು ತುಂಡು ಮಾಡಿದೆ, ಫಡ್ಜು ಒಂದೊಂದೇ ಕಚ್ಚಿ ನೋಡಿದೆ, ಮೂರು ಕೆ.ಜಿ. ಏರಿದೀನಿ, ಕೈಗವಸಿನ ನೂಲು ಪೂರ್ತಿ ಬಿಚ್ಚಿದೆ, ಮಣಿಕಟ್ಟಲ್ಲಿ ಹಲ್ಲಿನ ಡಾಕ್ಟರ ಚೀಟಿ ಹೊಲಿದು ದಾರಿ ತಪ್ಪಿಸಿದ್ದೆಯಲ್ಲ, ಅದನ್ನು ನೋಡಿ ಕೈ ಮುಗಿದೆ. ಸಿಕ್ಕದೆ ಯಾವ ಮುಖ ಇಟ್ಕೊಂಡು ಬರ್ಲಿ, ಅದಕ್ಕೇ ಸುಮ್ಮನಿದ್ದೆ. ಈಗಲಾದ್ರೂ ಹೇಳು, ಎಲ್ಲಿ ಬಚ್ಚಿಟ್ಟೆ?

ಹಲ್ಲಿನ ಡಾಕ್ಟರ ಚೀಟಿ. ಅಡುಗೆಮನೆಗೆ ಮರಳಿದ್ದ ವೆರ್ನ್ ಅಲ್ಲಿಂದಲೇ ನರಳಿದ. ಕೈಗವಸು ಹೊಲಿದ ಆ ದಿನ — ಓವನ್ನಿನಲ್ಲಿ ಊಟದ ಹಾಟ್‌ಡಿಶ್ ಸೀದು ಮನೆತುಂಬ ಹೊಗೆ, ಹೊಗೆಯ ಗಂಟೆ ಬಡಿದುಕೊಳ್ಳುತ್ತಿತ್ತು, ಕಿಟಕಿ ತೆಗೆದು, ಟವೆಲು ಬೀಸಿ, ಕೆಮ್ಮುತ್ತಾ ಬಂದು, ಮೇಜಿನ ಮೇಲಿದ್ದ ಅಂಗೈಯಗಲದ ಗಟ್ಟಿ ಚೀಟಿ ತೆಗೆದು ಮಡಿಕೆಯಲ್ಲಿಟ್ಟು, ಎಂಥ ಹೊಲಿಗೆ, ಕನ್ನಡಕ ಇತ್ತೇ, ಇರಲಿಲ್ಲ, ಹಾಗಾದರೆ ಕಾರ್ಡಿನವನು — ಎದ್ದಳು, ಬೆಕ್ಕನ್ನು ಎತ್ತಿದಳು, ಪರಚಿತು, ಪರಚಲಿ, ಆರ್ಲೋ ಕಾಯುತ್ತಿದ್ದಾನೆ, ಏನು ಬರೆಯುವುದು ಅವನಿಗೆ, ವೆರ್ನ್‌ಗೆ ಏನು ಹೇಳುವುದು, ಸ್ಕ್ಯಾನರಿನ ಮುಚ್ಚಳ ಎತ್ತಿದಳು, ಗಾಜಿನ ಮೇಲೆ ಕವುಚಿ ಬಿದ್ದಿದೆ ಒಂದು ಕಾರ್ಡು, ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಮಗುಚಿದಳು, ಕುಕ್ಕರಗಾಲು, ಅಗಲಿಸಿದ ಕೈಗವಸು, ಚಳಿಗಾಲ ಪೂರ್ತಿ ಇಲ್ಲೇ, ಕಣ್ಣಾಮುಚ್ಚಾಲೆಯಲ್ಲಿ ಎಲ್ಲರೂ ಮನೆಗೆ ಹೋದರೂ ಎಣಿಸುತ್ತಲೇ ನಿಂತ ಮಗುವಿನ ಹಾಗೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕ್ರುಪಾ