ಎಡೆಯಲ್ಲಿಟ್ಟ ಕಾಫಿ

ಕಾಫಿಯ ವಾಸನೆ ಬಾಗಿಲ ಸಂದಿಯಿಂದ ಬರುತ್ತಲೇ ಇದೆ, ಒಳಗೆ ಅಮ್ಮನ ಫೋಟೊ, ಹೊಸ ಸೀರೆ, ಎಲೆಯ ತುಂಬ ಮುದ್ದೆ, ಮಟನ್ ಸಾರು, ಕಜ್ಜಾಯ, ಪಕ್ಕದಲ್ಲಿ ಆ ಸ್ಟೀಲ್ ಲೋಟ — ಪಿತೃಪಕ್ಷದ ಎಡೆಯಿಟ್ಟು ಬಾಗಿಲು ಮುಚ್ಚಿದ ಮೇಲೆ ಯಾರೂ ಇಣುಕಬಾರದು, ಸತ್ತವರು ಬಂದು ಉಂಡು ಹೋಗುವ ತನಕ ಹೊರಗೇ ಕಾಯಬೇಕು, ರಮ್ಯಶ್ರೀ ನಾಗರಬಾವಿಯ ಮನೆಯ ಹಜಾರದಲ್ಲಿ ಅಪ್ಪನ ಪಕ್ಕ ನೆಲದ ಮೇಲೆ ಕೂತಿದ್ದಾಳೆ, ಮೇಲಿನ ಬಾಡಿಗೆ ರೂಮಿನ ಹುಡುಗರೂ ಇವತ್ತು ಹಾಡು ಹಾಕಿಲ್ಲ, ಬರ್ತಾಳೆ ಅಲ್ವೇನಮ್ಮಾ ನಿಮ್ಮಮ್ಮ, ಮೊದಲನೇ ವರ್ಷ, ದಾರಿ ಗೊತ್ತಾಗುತ್ತಾ, ಎಂದು ಅಪ್ಪ ಕೇಳುತ್ತಾನೆ, ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಾಳೆ, ಇಷ್ಟು ವರ್ಷ ಲ್ಯಾಬಿನಲ್ಲಿ ತಾನು ಮಾಡಿದ್ದೂ ಇದೇ ಅಲ್ಲವೇ, ನಕ್ಷತ್ರಗಳು ಚೆದುರಿಹೋಗದಂತೆ ಹಿಡಿದಿಟ್ಟಿರುವ ಡಾರ್ಕ್ ಮ್ಯಾಟರ್ ಯಾರ ಕಣ್ಣಿಗೂ ಬಿದ್ದಿಲ್ಲ, ಸೆಳೆತ ಮಾತ್ರ ಗೊತ್ತು, ನೆಲದಡಿಯ ಕತ್ತಲಲ್ಲಿ ಯಂತ್ರ ಮುಚ್ಚಿಟ್ಟು ಕಾದದ್ದೇ ಕಾದದ್ದು, ಈವರೆಗೆ ಸಿಕ್ಕಿಲ್ಲ ಎಂದು ಪೇಪರಿನಲ್ಲಿ ಬರೆಯುವುದು ಸುಲಭ — ಅಪ್ಪನ ಮುಖ ನೋಡಿ ಹೇಳಲಾದೀತೇ, ಬಂದಳೆಂದರೆ ಸುಳ್ಳು, ಬರಲಿಲ್ಲ ಎಂದರೆ ಈ ಮುದುಕ ಮತ್ತೆ ಊಟ ಬಿಡುತ್ತಾನೆ, ಆ ಲೋಟ, ಹೊಗೆಯಾಡುತ್ತಿದ್ದ ಲೋಟ, ಈಗ ಕೆನೆ ಕಟ್ಟಿರಬೇಕು, ಸಕ್ಕರೆ ಹಾಕಿಲ್ಲ ಕಣಮ್ಮ, ಅವಳಿಗೆ ಶುಗರ್ ಅಲ್ವಾ, ಅಂದಿದ್ದ ಅಪ್ಪ ಬೆಳಿಗ್ಗೆ, ನಗಬೇಕೋ ಅಳಬೇಕೋ ತಿಳಿಯದೆ ಇವಳು ಒಗ್ಗರಣೆ ಸೀಯಿಸಿದ್ದಳು, ಅರ್ಧ ಚಮಚ ಹಾಕ್ರೀ ಎಂದು ಅಮ್ಮ ದಿನಾ ಗೋಗರೆಯುತ್ತಿದ್ದಳು, ಸುಮ್ನೆ ಕುಡಿಯೇ, ನೀನಿರ್ಬೇಕು ನಂಗೆ, ಎಂದು ಅಪ್ಪ ಸಕ್ಕರೆ ಡಬ್ಬಿಯನ್ನು ಅವಳ ಕೈಗೆಟುಕದಷ್ಟು ಮೇಲಿಡುತ್ತಿದ್ದ, ಎಷ್ಟು ಪ್ರೀತಿ, ಎಷ್ಟು ಕಹಿ ಕಾಫಿ.

ಅಪ್ಪ ಏಳುತ್ತಾನೆ, ಕೆಮ್ಮುತ್ತಾನೆ, ಒಳಗಿರುವವಳಿಗೆ ಮುಜುಗರವಾಗದಿರಲಿ ಎಂದು ಬಾಗಿಲು ತಟ್ಟಿಯೇ ತೆಗೆಯುತ್ತಾನೆ, ದೀಪ ಉರಿಯುತ್ತಿದೆ, ಎಲೆಯಲ್ಲಿ ಒಂದಗುಳೂ ಕದಲಿಲ್ಲ, ಲೋಟದ ಮೇಲೆ ಕೆನೆ ಸುಕ್ಕಾಗಿದೆ, ಬಂದಿದ್ಲಾ ರಮ್ಯಾ, ನೀನೇ ನೋಡಿ ಹೇಳು, ನಿಂಗೆ ಗೊತ್ತಾಗುತ್ತೆ, ಅನ್ನುತ್ತಾನೆ, ಒಂದು ಗಳಿಗೆ ತಳ್ಳಲು ಅವಳು ಲೋಟ ಎತ್ತುತ್ತಾಳೆ, ಎಡೆಯದ್ದು ಮನೆಯವರೇ ತಿನ್ನಬೇಕಲ್ಲ, ಒಂದು ಗುಟುಕು — ಸಿಹಿ, ತುಟಿ ಅಂಟುವಷ್ಟು ಸಿಹಿ, ಅಪ್ಪಾ, ಸಕ್ಕರೆ, ಹೂಂ ಕಣಮ್ಮ, ಬಾಗಿಲು ಹಾಕೋವಾಗ ಮನಸ್ಸು ತಡೀಲಿಲ್ಲ, ಇನ್ನೇನಾಗುತ್ತೆ ಅವಳಿಗೆ, ಹಾಕ್ಬಿಟ್ಟೆ, ಅನ್ನುತ್ತಾನೆ ಅಪ್ಪ, ಬಂದಿದ್ಲು ಅಪ್ಪ, ಎಂದುಬಿಡುತ್ತಾಳೆ ರಮ್ಯಶ್ರೀ, ಕಣ್ಣಿಗೆ ಬೀಳದಿದ್ದರೂ ಸೆಳೆತ ಇದೆಯಲ್ಲ, ಸುಳ್ಳು ಹೇಳಿದೆ ಅನ್ನಿಸುವುದೇ ಇಲ್ಲ, ಅಪ್ಪ ಎಲೆಯ ಮುಂದೆ ಕೂತು ಮುದ್ದೆ ಮುರಿಯುತ್ತಾನೆ, ಅವಳು ಲೋಟ ಬಗ್ಗಿಸಿ ನೋಡುತ್ತಾಳೆ, ತಳದಲ್ಲಿ ಸಕ್ಕರೆ, ಒಂದು ಚಮಚವಲ್ಲ, ಎರಡಲ್ಲ, ಆ ಲೋಟ, ತಳದಲ್ಲಿ ಕರಗದೆ ಉಳಿದ ಸಕ್ಕರೆ