ಎರಡು ತುತ್ತಿಗೇ ಹೊಟ್ಟೆ ತುಂಬಿದರೆ

ಸವಣೂರಿನ ಗೋಪಿಕಾಬಾಯಿಗೆ ಅರವತ್ತರ ಹತ್ತಿರ ವಯಸ್ಸು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಊಟ ಸೇರದಿದ್ದಕ್ಕೆ ಏಕಾದಶಿಯ ಜೊತೆಗೆ ಗುರುವಾರ, ಶನಿವಾರವೂ ಒಪ್ಪತ್ತು ಹಿಡಿದರು. ಬಂದವರೆಲ್ಲ "ಏನ್ ನಿಷ್ಠಿ ನಿಮ್ಮದು!" ಎಂದು ಕೈಮುಗಿದರು. ಹೊಟ್ಟೆ ಮಾತ್ರ ಉಬ್ಬುತ್ತಲೇ ಹೋಯಿತು. ನಿಷ್ಠೆಗೆ ಹೊಟ್ಟೆ ಉಬ್ಬುತ್ತದೆಯೇ? ಯಾರೂ ಕೇಳಲಿಲ್ಲ.

ಕೇಳಿದವಳು ಅವರ ಬಟ್ಟೆ ಹೊಲಿಯುವ, ನೆರೆಮನೆಯ ಬಾನುಬಿ.

"ಬಾಯಾರ, ಜಂಪರಿನ ತೋಳು ಸಡ್ಲ ಆಗ್ಯಾವು, ಲಂಗದ ಲಾಡಿ ಸಾಲವಲ್ದು. ಉಪಾಸ ಮಾಡಿದ್ರ ಹೊಟ್ಟಿ ಇಳಿಬೇಕಲ್ರಿ?"

"ಗ್ಯಾಸ್ ಅದ. ಅಜವಾನ ತಿಂತೇನಿ."

"ಘಳಿಗಿಗೊಮ್ಮೆ ಬಚ್ಚಲಕ್ಕ ಓಡತೀರಿ, ಅದೂ ಗ್ಯಾಸೇನ್ರಿ? ನನ್ನ ಮಗಳು ಶಾಕೀರಾಗ ಅಂಡಾಶಯದಾಗ ನೀರಿನ ಗಡ್ಡಿ ಆಗಿತ್ತು. ಆಕೀದು ತಾನ ಕರಗಿತು, ಖರೆ. ಆದ್ರ ಅದನ್ನ ಹೇಳಿದ್ದು ಡಾಕ್ಟರು. ಹೆಣ್ಣಮಕ್ಕಳ ಡಾಕ್ಟರಿಗೆ ತೋರಸ್ರಿ."

"ನಂದು ಮುಟ್ಟು ನಿಂತು ಎಷ್ಟೋ ವರ್ಷ ಆತು. ಬಸರ ಹೆಂಗಸರ ನಡುವ ಹೋಗಿ ಕೂಡ್ಲೇನು? ಸಾಕಾಗ್ಯದ, ಬಿಡು."

"ಸಾಕಾಗೈತಿ ಅಂತನ ಹೋಗ್ರಿ!"

ಮುಂದಿನ ದ್ವಾದಶಿ. ಹಿಂದಿನ ದಿನವೆಲ್ಲ ನಿರಾಹಾರ. ಸೊಸೆ ಪದ್ಮಜಾ ಪಾರಣೆಗೆ ಎಲೆ ಹಾಕಿದಳು. ಗೋಪಿಕಾಬಾಯಿ ಎರಡೇ ತುತ್ತಿಗೆ ಕೈ ಎತ್ತಿ ಅತ್ತುಬಿಟ್ಟರು.

"ನನಗ ಹಸಿವೀನ ಇಲ್ಲ, ಪದ್ಮಜಾ. ಹಸಿವಿ ಇಲ್ಲದ್ದು ಉಪವಾಸ ಹೆಂಗಾಗ್ತದ? ದವಾಖಾನಿಗೆ ಕರಕೊಂಡು ನಡಿ."

ಆಸ್ಪತ್ರೆಯಲ್ಲಿ ಬಸುರಿಯೊಬ್ಬಳು ಎದ್ದು ಜಾಗ ಕೊಟ್ಟಳು, ಅಷ್ಟೇ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು, ನೋವಾಗಲಿಲ್ಲ. ಎಡಗಡೆಯ ಅಂಡಾಶಯದಲ್ಲಿ ದೊಡ್ಡ ಗಡ್ಡೆ ಕಂಡಿತು.

"ಎಲ್ಲಾ ಗಡ್ಡಿ ಕ್ಯಾನ್ಸರ್ ಅಲ್ರಿ," ಎಂದರು ಡಾಕ್ಟರು. "ಆದ್ರ ಮುಟ್ಟು ನಿಂತ ಮ್ಯಾಲೆ ಬಂದದ್ದನ್ನ ಹಂಗ ಬಿಡಬಾರದು."

ರಕ್ತಪರೀಕ್ಷೆ ಆಯಿತು, ಆಪರೇಶನ್ ಆಯಿತು. ತೆಗೆದ ಗಡ್ಡೆ ಪರೀಕ್ಷೆಗೆ ಹೋಯಿತು. ಕೆಲವು ದಿನಗಳ ಮೇಲೆ ರಿಪೋರ್ಟ್ ಬಂತು. ಕ್ಯಾನ್ಸರ್ ಇರಲಿಲ್ಲ.

ಗೋಪಿಕಾಬಾಯಿ ಚೇತರಿಸಿಕೊಂಡು ಮತ್ತೆ ಏಕಾದಶಿ ಹಿಡಿದರು. ದ್ವಾದಶಿಯ ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಇನ್ನ ಎಷ್ಟೊತ್ತ ಪದ್ಮಜಾ? ಹಸಿವ್ಯಾಗ್ಯದ," ಎಂದು ಗದರಿದರು. ಪದ್ಮಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕಂದಿರೇ, ಅವ್ವಂದಿರೇ, ವಾರಗಟ್ಟಲೆ ಹೊಟ್ಟೆ ಉಬ್ಬರವೇ? ಕಿಬ್ಬೊಟ್ಟೆ ನೋವೇ? ಮುಟ್ಟಿನಲ್ಲಿ ಏರುಪೇರೇ? ಪದೇ ಪದೇ ಮೂತ್ರಕ್ಕೆ ಹೋಗಬೇಕೇ, ಎರಡು ತುತ್ತಿಗೇ ಸಾಕೆನಿಸುತ್ತದೆಯೇ? ಮುಟ್ಟು ನಿಂತ ಮೇಲೂ ರಕ್ತ ಕಂಡಿತೇ? ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಬೇಕೇ ಎಂದು ಕೇಳಿ. ಒಮ್ಮೆಲೇ ತಡೆಯಲಾರದ ಹೊಟ್ಟೆನೋವು, ಜೊತೆಗೆ ವಾಂತಿ, ಜ್ವರ ಬಂದರೆ ಬೆಳಗಾಗಲಿ ಎನ್ನಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ನೀವು ದಣಿದಿದ್ದೀರಿ, ಗೊತ್ತು. ದಣಿದಿದ್ದೀರಿ ಅಂತಲೇ ಹೋಗಿ.